ಕಲ್ಲನ್ನು ನೋಡಿಸುವ ಮೊಬೈಲು

ಡಿಸೆಂಬರ್ ಬಂತೆಂದರೆ ವಿಜಯಪುರದ ಗೋಳಗುಮ್ಮಟದ ಮುಂದೆ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಮಕ್ಕಳಿಗೆಲ್ಲ ಮೇಲೆ ಹತ್ತಿ ಕೂಗುವ ಆತುರ. ಹಾಗಾಗಿ ಗುಮ್ಮಟದ ಎದುರು ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದ ಪಾಲಿಗೆ ಬರುವುದು ಐದೋ ಹತ್ತೋ ನಿಮಿಷ. ‘ಲೈನ್ ಬಿಡಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ’ ಎಂದು ಮಾಸ್ತರು ಎಚ್ಚರಿಸುತ್ತಾರೆ. ‘ಸರ್, ಇದನ್ನ ಬರ್ಕೋಬೇಕೇನ್ರಿ?’ ಎನ್ನುತ್ತ ಜಾಣ ಮಕ್ಕಳು ಫಲಕದಲ್ಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಅಲ್ಲಿಟ್ಟ ಕೆತ್ತನೆಯ ಕಲ್ಲಿನ ಕಡೆ ಕಣ್ಣು ಹಾಯಿಸಲು ಯಾರಿಗೂ ಪುರುಸೊತ್ತಿಲ್ಲ.

ಪಕ್ಕದಲ್ಲೊಂದು ಕ್ಯೂಆರ್ ಕೋಡ್ ಅಂಟಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಈ ಆಸೆ ಹಳೆಯದು. 1952ರಲ್ಲೇ ಆಮ್‌ಸ್ಟರ್‌ಡ್ಯಾಮಿನ ಸ್ಟೆಡಲಿಕ್ ಮ್ಯೂಸಿಯಂ, ಬಂದವರ ಕಿವಿಗೆ ರೇಡಿಯೊ ಮೂಲಕ ವಿವರಣೆ ಕೇಳಿಸುವ ವ್ಯವಸ್ಥೆ ಮಾಡಿತ್ತು. ಆದರೆ ಫಲಕದ ಒಣ ಸಾಲುಗಳೇ ಪರದೆಯ ಮೇಲೆ ಮೂಡಿದರೆ ಬಗ್ಗಿದ ತಲೆ ಏಳುವುದು ಹೇಗೆ?

ಫೋಟೊ ಹೊಡೆದುಕೊಂಡರಾಯಿತು ಎನ್ನುವುದೂ ಅಷ್ಟು ಸರಳವಲ್ಲ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯೂಸಿಯಂನಲ್ಲಿ ಇಡೀ ವಸ್ತುವಿನ ಫೋಟೊ ತೆಗೆದವರಿಗಿಂತ ಬರಿಗಣ್ಣಲ್ಲಿ ನೋಡಿದವರಿಗೆ ಹೆಚ್ಚು ನೆನಪಿತ್ತು. ಕ್ಯಾಮೆರಾ ನೋಡಿಕೊಳ್ಳುತ್ತದೆ ಬಿಡು ಎಂದು ಮನಸ್ಸು ಕೈಬಿಟ್ಟಂತೆ. ಆದರೆ ಯಾವುದೋ ಒಂದು ಭಾಗವನ್ನು ಜೂಮ್ ಮಾಡಿ ತೆಗೆದವರ ನೆನಪು ಮಾಸಲಿಲ್ಲ. ನನಗೆ ಇಡೀ ವಿಷಯದ ಕೀಲಿ ಕಾಣುವುದು ಇಲ್ಲೇ.

ಕಾಳಗದಲ್ಲಿ ಮಡಿದವನ ನೆನಪಿಗೆ ನಿಲ್ಲಿಸಿದ ವೀರಗಲ್ಲನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದರಲ್ಲಿ ಒಂದರ ಮೇಲೊಂದು ಮೂರು ಪಟ್ಟಿಕೆಗಳು; ಓದಬೇಕಾದ್ದು ಕೆಳಗಿನಿಂದ ಮೇಲಕ್ಕೆ. ಬುಡದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಶಿವಲಿಂಗದ ಮುಂದೆ ಕೂತ ವೀರ, ಮೇಲೆ ಸೂರ್ಯ ಚಂದ್ರ. ಮೊಬೈಲು ಇದನ್ನೆಲ್ಲ ಹೇಳಬಾರದು. ‘ಸತ್ತವನನ್ನು ಹುಡುಕಿ, ಅವನು ಎಷ್ಟು ಸಲ ಬಂದಿದ್ದಾನೆ?’ ಎಂದು ಕೇಳಬೇಕು. ‘ದನ ಕಾಣುತ್ತವೆಯೇ? ಕಂಡರೆ ಹತ್ತಿರದಿಂದ ಫೋಟೊ ತೆಗೆಯಿರಿ.’ ದನ ಇದ್ದರೆ ಅದು ತುರುಗೋಳಿನ ಕಲ್ಲು, ಊರ ಹಸುಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನದು. ಉತ್ತರ ಪರದೆಯಲ್ಲಿಲ್ಲ, ಕಲ್ಲಿನಲ್ಲಿದೆ. ಮಗು ಅಲ್ಲಿ ನೋಡಲೇಬೇಕು.

2006ರ ಸುಮಾರಿಗೆ ಬ್ರಿಟನ್ನಿನಲ್ಲಿ ‘ಮೈಆರ್ಟ್‌ಸ್ಪೇಸ್’ ಎಂಬ ಯೋಜನೆ ನಡೆಯಿತು. ತರಗತಿಯಲ್ಲೇ ಒಂದು ದೊಡ್ಡ ಪ್ರಶ್ನೆ ಹಿಡಿದು ಹೊರಟ ಮಕ್ಕಳು, ವಸ್ತುವಿನ ಪಕ್ಕದ ಎರಡಕ್ಷರದ ಸಂಕೇತವನ್ನು ಫೋನಿನಲ್ಲಿ ಒತ್ತಿ ಅದನ್ನು ತಮ್ಮ ಸಂಗ್ರಹಕ್ಕೆ ಸೇರಿಸಿಕೊಳ್ಳುತ್ತಿದ್ದರು. ಫೋಟೊ, ಧ್ವನಿ ಟಿಪ್ಪಣಿಗಳೂ ಜೊತೆಗೆ. ಶಾಲೆಗೆ ಮರಳಿದ ಮೇಲೆ ಅವನ್ನು ಕಂಪ್ಯೂಟರಿನಲ್ಲಿ ತೆರೆದು ತಮ್ಮದೇ ಪ್ರದರ್ಶನ ಜೋಡಿಸಬೇಕಿತ್ತು. ನಮ್ಮಲ್ಲಿ ಇದಕ್ಕೆ ವಿಶೇಷ ಆ್ಯಪ್ ಕೂಡ ಬೇಡ. ಐದು ಮಕ್ಕಳಿಗೆ ಒಂದು ಫೋನು ಸಾಕು. ಫೋಟೊ ತೆಗೆಯಬಹುದೇ ಎಂದು ಮೊದಲೇ ಕೇಳಿಕೊಳ್ಳಬೇಕು. ದಪ್ಪ ಗೋಡೆಯೊಳಗೆ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ, ಪ್ರಶ್ನೆಗಳನ್ನು ಶಾಲೆಯಲ್ಲೇ ಇಳಿಸಿಕೊಂಡು ಬಂದರೆ ಲೇಸು.

ಗುಮ್ಮಟ ಹತ್ತಿದ ಮೇಲೂ ಫೋನಿಗೆ ಕೆಲಸವಿದೆ. ಒಳವ್ಯಾಸ ಸುಮಾರು 38 ಮೀಟರ್. ಒಂದು ಚಪ್ಪಾಳೆಯ ಸದ್ದು ಎದುರು ಗೋಡೆ ಮುಟ್ಟಿ ಮರಳಲು ಸುಮಾರು 76 ಮೀಟರ್ ಸಾಗಬೇಕು. ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಅದಕ್ಕೆ 0.22 ಸೆಕೆಂಡ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್, ಮೈಕಿಗೆ ಬಿದ್ದ ಸದ್ದನ್ನು ಗೆರೆಯಾಗಿ ತೋರಿಸುತ್ತದೆ. ಒಂದೇ ಚಪ್ಪಾಳೆ, ಗೆರೆಯಲ್ಲಿ ಹಲವು ಏರಿಳಿತ. ಒಂದು ಏರಿನಿಂದ ಮುಂದಿನ ಏರಿಗಿರುವ ಸಮಯದ ಅಂತರ ಅಳೆದರೆ ಗುಮ್ಮಟದ ಅಗಲವೇ ಲೆಕ್ಕಕ್ಕೆ ಸಿಗುತ್ತದೆ. ಏಪ್ರಿಲ್ಲಿನ 40 ಡಿಗ್ರಿ ಬಿಸಿಲಿನಲ್ಲಿ ಸದ್ದಿನ ವೇಗ 355ರ ಆಸುಪಾಸಿಗೆ ಏರುವುದರಿಂದ ಲೆಕ್ಕ ತುಸು ಬದಲಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಉಳಿದವರ ಕೂಗಾಟ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿಬಿಡಬೇಕು.