ಹವಾಮಾನದ ದುಡ್ಡು: ಘೋಷಣೆ ಆಗಿದ್ದು ಎಷ್ಟು, ಕೈಗೆ ಬರುವುದು ಹೇಗೆ

ವರ್ಷದ ಕೊನೆಗೆ ಹವಾಮಾನ ಸಮ್ಮೇಳನ ಬಂತು ಅಂದರೆ ದೊಡ್ಡ ದೊಡ್ಡ ಅಂಕಿಗಳ ಸುದ್ದಿ ಶುರು. ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ ಸಿಗಬೇಕಾದ ದುಡ್ಡಿನ ಲೆಕ್ಕ ಅದು: ನೂರು ಬಿಲಿಯನ್ ಡಾಲರ್, ಮುನ್ನೂರು ಬಿಲಿಯನ್, ಟ್ರಿಲಿಯನ್. ಆದರೆ ಸಮುದ್ರ ಒಳಗೆ ನುಗ್ಗುತ್ತಿರುವ ಒಂದು ಸಣ್ಣ ದೇಶದ ಅಧಿಕಾರಿಗೆ ಬೇಕಾದ ಉತ್ತರಗಳೇ ಬೇರೆ: ಅರ್ಜಿ ಎಲ್ಲಿ ಹಾಕಬೇಕು, ಯಾರ ಮೂಲಕ ಹಾಕಬೇಕು, ದುಡ್ಡು ಯಾವಾಗ ಬರುತ್ತದೆ? ಮೂವತ್ತು ವರ್ಷದ ಕತೆ ನೋಡಿದರೆ, ಎಷ್ಟು ಕೊಡಬೇಕು ಅನ್ನುವುದಕ್ಕೆ ಎಷ್ಟು ಜಗಳ ಆಗಿದೆಯೋ, ಅದು ಯಾರ ಕೈ ದಾಟಿ ಬರಬೇಕು ಅನ್ನುವುದಕ್ಕೂ ಅಷ್ಟೇ ಆಗಿದೆ.

ಶುರುವಾಗಿದ್ದು 1992ರಲ್ಲಿ, ರಿಯೋ ಡಿ ಜನೈರೊದಲ್ಲಿ. ಅಲ್ಲಿ ಸಹಿಗೆ ಇಟ್ಟ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ 4ನೇ ವಿಧಿಯಲ್ಲೇ ಮಾತು ಬರೆದಿದೆ: ಹವಾಮಾನ ಬದಲಾವಣೆಯ ಪೆಟ್ಟು ಜಾಸ್ತಿ ಬೀಳುವ ಬಡ ದೇಶಗಳಿಗೆ, ಹೊಂದಾಣಿಕೆಯ ಖರ್ಚಿನಲ್ಲಿ ಮುಂದುವರಿದ ದೇಶಗಳು ನೆರವಾಗಬೇಕು. ಹೊಂದಾಣಿಕೆ ಅಂದರೆ ಹೊಗೆ ಕಡಿಮೆ ಮಾಡುವುದಲ್ಲ. ಈಗಾಗಲೇ ಬದಲಾಗಿರುವ ಮಳೆ, ಬಿಸಿಲು, ಸಮುದ್ರದ ಜೊತೆ ಬದುಕಲು ತಯಾರಾಗುವುದು. ತಡೆಗೋಡೆ, ಉಪ್ಪು ತಡೆದುಕೊಳ್ಳುವ ತಳಿ, ಚಂಡಮಾರುತದ ಮುನ್ಸೂಚನೆ, ಇಂಥವು. ಆದರೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅಂತ ಆ ವಿಧಿಯಲ್ಲಿ ಇಲ್ಲ.

ಮೊದಲ ಕೆಲವು ವರ್ಷ ದುಡ್ಡಿನ ಜವಾಬ್ದಾರಿ ಇದ್ದದ್ದು ಜಾಗತಿಕ ಪರಿಸರ ನಿಧಿಯ ಕೈಯಲ್ಲಿ. ಅಲ್ಲೊಂದು ತೊಡಕಿತ್ತು. ಆ ನಿಧಿ ಕೇಳುತ್ತಿದ್ದದ್ದು ಇಡೀ ಜಗತ್ತಿಗೆ ಆಗುವ ಲಾಭವನ್ನು. ಕಲ್ಲಿದ್ದಲು ಬಿಟ್ಟು ಗಾಳಿ ವಿದ್ಯುತ್ ಮಾಡಿದರೆ ಎಲ್ಲರಿಗೂ ಲಾಭ, ಸರಿ. ಆದರೆ ಒಂದು ದ್ವೀಪದ ಸುತ್ತ ಗೋಡೆ ಕಟ್ಟಿದರೆ ಲಾಭ ಆ ದ್ವೀಪದವರಿಗೆ ಮಾತ್ರ ಅಲ್ವಾ? ಹಾಗಾಗಿ ಗೋಡೆ ಕಟ್ಟುವವರ ಅರ್ಜಿ ಆ ಲೆಕ್ಕದಲ್ಲಿ ಕೂರುತ್ತಲೇ ಇರಲಿಲ್ಲ.

ಇದಕ್ಕೊಂದು ದಾರಿ ಮಾಡಿದ್ದು 2001ರ ಮರಾಕೆಶ್ ಸಮ್ಮೇಳನ. ಅಲ್ಲಿ ಮೂರು ನಿಧಿಗಳಿಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಒಂದು ಅತಿ ಹಿಂದುಳಿದ ದೇಶಗಳಿಗೆ ಮಾತ್ರ. ಮೊದಲು ನಿಮ್ಮ ತುರ್ತು ಕೆಲಸಗಳ ಪಟ್ಟಿ ಮಾಡಿ ತನ್ನಿ, ಆಮೇಲೆ ದುಡ್ಡು ಅನ್ನುವ ಕ್ರಮ. ಭೂತಾನ್ ಕೊಟ್ಟ ಪಟ್ಟಿಯಲ್ಲಿ ಹಿಮನದಿ ಸರೋವರಗಳಿದ್ದವು. 1994ರಲ್ಲಿ ಅಲ್ಲಿ ಲುಗ್ಗೆ ಅನ್ನುವ ಸರೋವರ ಒಡೆದು 20ಕ್ಕೂ ಜಾಸ್ತಿ ಜನ ಸತ್ತಿದ್ದರು. ಅದರ ಪಕ್ಕದ ಥೋರ್ಥೋರ್ಮಿಯೂ ತುಂಬುತ್ತಿತ್ತು. 2008ರಲ್ಲಿ ಯೋಜನೆ ಶುರುವಾಯಿತು, ದುಡ್ಡು ಬಂದಿದ್ದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ. ನಾಲ್ಕು ಸಾವಿರ ಮೀಟರಿಗೂ ಮೇಲಿನ ಆ ಜಾಗಕ್ಕೆ ರಸ್ತೆ ಇಲ್ಲ, ಯಂತ್ರ ಹೋಗುವುದಿಲ್ಲ, ವರ್ಷದಲ್ಲಿ ಕೆಲಸ ಮಾಡಲು ಆಗುವುದು ಕೆಲವೇ ತಿಂಗಳು. ಜನ ದಿನಗಟ್ಟಲೆ ನಡೆದು ಹೋಗಿ, ಮಂಜಿನಂಥ ನೀರಲ್ಲಿ ನಿಂತು, ಹಾರೆ ಸಲಿಕೆ ಹಿಡಿದು ಕಲ್ಲು ಕಿತ್ತು ಕಾಲುವೆ ತೆಗೆದರು. 2012ರ ಹೊತ್ತಿಗೆ ನೀರಿನ ಮಟ್ಟ 5 ಮೀಟರ್ ಇಳಿದಿತ್ತು.

ಅಂದರೆ ಮಧ್ಯದಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಇದ್ದರೂ ಕೆಲಸ ಆಗುತ್ತದೆ. ಆದರೂ ಬಡ ದೇಶಗಳ ಸಿಟ್ಟು ಹೋಗಲಿಲ್ಲ. ಯೋಜನೆ ಬರೆಯುವವರು, ಲೆಕ್ಕ ಇಡುವವರು, ಸಲಹೆಗಾರರನ್ನು ನೇಮಿಸುವವರು ಎಲ್ಲ ಹೊರಗಿನವರು. ಅವರ ಶುಲ್ಕವೂ ಅದೇ ದುಡ್ಡಿನಲ್ಲಿ ಹೋಗುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಈ ಸಿಟ್ಟಿಗೆ ಉತ್ತರ ಸಿಕ್ಕಿದ್ದು ಮರಾಕೆಶ್‌ನ ಇನ್ನೊಂದು ನಿಧಿಯಲ್ಲಿ, ಅಡಾಪ್ಟೇಷನ್ ಫಂಡ್ ಅಂದರೆ ಹೊಂದಾಣಿಕೆ ನಿಧಿಯಲ್ಲಿ. ನನ್ನ ಪ್ರಕಾರ ಇಡೀ ಕತೆಯಲ್ಲಿ ಇದರಷ್ಟು ಜಾಣ ಏರ್ಪಾಡು ಇನ್ನೊಂದಿಲ್ಲ. ಶ್ರೀಮಂತ ದೇಶಗಳು ಹೊಗೆ ತಗ್ಗಿಸಬೇಕು ಅನ್ನುವ ಕ್ಯೋಟೊ ಒಪ್ಪಂದದಡಿ, ಬಡ ದೇಶಗಳಲ್ಲಿ ಇಂಗಾಲದ ಹೊಗೆ ತಗ್ಗಿಸುವ ಯೋಜನೆಗಳಿಗೆ ಕ್ರೆಡಿಟ್ ಸಿಗುತ್ತಿತ್ತು, ಅಂದರೆ ತಗ್ಗಿಸಿದ ಹೊಗೆಯ ಲೆಕ್ಕಕ್ಕೆ ಕೊಡುವ, ಮಾರಬಹುದಾದ ಪತ್ರ. ಅದರಲ್ಲಿ 2% ಕ್ರೆಡಿಟ್ ಈ ನಿಧಿಗೆ ಬರಬೇಕು, ಅದನ್ನು ಮಾರಿ ದುಡ್ಡು ಮಾಡಬೇಕು. ಯಾವ ಶ್ರೀಮಂತ ದೇಶದ ಮುಂದೆಯೂ ಕೈ ಚಾಚಬೇಕಾಗಿಲ್ಲ. ಮಂಡಳಿಯಲ್ಲಿ ಹೆಚ್ಚಿನ ಸದಸ್ಯರು ಬಡ ದೇಶಗಳವರೇ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದೇಶದ ಸ್ವಂತ ಸಂಸ್ಥೆಯೇ ಮಾನ್ಯತೆ ಪಡೆದು ನೇರವಾಗಿ ದುಡ್ಡು ತರಬಹುದು. ಇದಕ್ಕೆ ನೇರ ಪ್ರವೇಶ ಅಂತ ಹೆಸರು.

2010ರಲ್ಲಿ ಇಂಥ ಮಾನ್ಯತೆ ಮೊದಲು ಪಡೆದದ್ದು ಸೆನೆಗಲ್‌ನ ಪರಿಸರ ನಿಗಾ ಕೇಂದ್ರ. ಅದೇ ವರ್ಷ 86 ಲಕ್ಷ ಡಾಲರಿನ ಯೋಜನೆಗೆ ಒಪ್ಪಿಗೆಯೂ ಸಿಕ್ಕಿತು. ರುಫಿಸ್ಕ್‌ನಲ್ಲಿ ಸಮುದ್ರಕ್ಕೆ ತಡೆಗೋಡೆ, ಜೋಲ್‌ನಲ್ಲಿ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದಂತೆ ಒಡ್ಡು, ಸಾಲಿಯಲ್ಲಿ ಮೀನುಗಾರರ ದಕ್ಕೆಯ ರಕ್ಷಣೆ. ಗುತ್ತಿಗೆ ಕೊಟ್ಟವರು, ಲೆಕ್ಕ ಒಪ್ಪಿಸಿದವರು ಎಲ್ಲ ಸೆನೆಗಲ್‌ನವರೇ.

ಆಮೇಲೆ ದುಡ್ಡೇ ಕೈಕೊಟ್ಟಿತು. 2012ರ ಸುಮಾರಿಗೆ ಇಂಗಾಲ ಕ್ರೆಡಿಟ್‌ನ ಬೆಲೆ ಬಿದ್ದು ಒಂದು ಯೂರೋಗಿಂತಲೂ ಕೆಳಗೆ ಹೋಯಿತು. ಯಾರ ಹಂಗೂ ಬೇಡ ಅಂತ ಹುಟ್ಟಿದ ನಿಧಿ ಈಗ ದೇಣಿಗೆಯ ಮೇಲೇ ನಡೆಯುತ್ತಿದೆ.

ಅಷ್ಟರಲ್ಲಿ 2009ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಆ ಹೆಸರಾಂತ ಮಾತು ಬಂದಿತ್ತು: 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್. ಮುಂದಿನ ವರ್ಷ ಕಾನ್‌ಕುನ್‌ನಲ್ಲಿ ಗ್ರೀನ್ ಕ್ಲೈಮೇಟ್ ಫಂಡ್ ಹುಟ್ಟಿತು. ಅದರ ಕಚೇರಿ ದಕ್ಷಿಣ ಕೊರಿಯಾದ ಸಾಂಗ್ಡೊದಲ್ಲಿದೆ. ಹೊಂದಾಣಿಕೆಗೆ ಅರ್ಧ, ಹೊಗೆ ತಗ್ಗಿಸುವುದಕ್ಕೆ ಅರ್ಧ ಅನ್ನುವುದು ಅದರ ಗುರಿ. ಮೊದಲ ಯೋಜನೆಗಳಿಗೆ ಒಪ್ಪಿಗೆ ಸಿಗುವಷ್ಟರಲ್ಲಿ 2015 ಮುಗಿಯುತ್ತಾ ಬಂದಿತ್ತು.

ಇವತ್ತು ಒಂದು ದೇಶ ದೊಡ್ಡ ಮೊತ್ತ ಕೇಳಬೇಕಾದರೆ ಸಾಮಾನ್ಯವಾಗಿ ಹೋಗುವುದು ಇಲ್ಲಿಗೇ. ಮೊದಲು ಸರ್ಕಾರ ತನ್ನ ಕಡೆಯಿಂದ ಒಂದು ಇಲಾಖೆಯನ್ನು ಹೆಸರಿಸಬೇಕು, ಹೆಚ್ಚಾಗಿ ಹಣಕಾಸು ಅಥವಾ ಪರಿಸರ ಇಲಾಖೆ. ಅದರ ಆಕ್ಷೇಪವಿಲ್ಲ ಅನ್ನುವ ಪತ್ರ ಇಲ್ಲದೆ ಯಾವ ಯೋಜನೆಯೂ ಮುಂದೆ ಹೋಗುವುದಿಲ್ಲ. ಆದರೆ ಸರ್ಕಾರ ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ. ಮಾನ್ಯತೆ ಪಡೆದ ಸಂಸ್ಥೆಯೇ ಹಾಕಬೇಕು. ಅದು ಸ್ವಂತದ್ದಾದರೆ ಒಳ್ಳೆಯದು, ಇಲ್ಲದಿದ್ದರೆ ವಿಶ್ವಬ್ಯಾಂಕ್‌ನಂಥವರ ಬೆನ್ನು ಹತ್ತಬೇಕು. ಮಾನ್ಯತೆಗೆ ಲೆಕ್ಕಪರಿಶೋಧನೆ, ಖರೀದಿ ನಿಯಮ, ಭ್ರಷ್ಟಾಚಾರ ತಡೆ, ಪರಿಸರ ರಕ್ಷಣೆ, ಲಿಂಗ ಸಮಾನತೆ ಎಲ್ಲದರ ದಾಖಲೆ ಬೇಕು, ಸುಮ್ನೆ ಕಾಗದದ ಮೇಲಿನ ನೀತಿ ಸಾಲದು, ಅದನ್ನು ನಡೆಸಿದ್ದಕ್ಕೆ ಪುರಾವೆಯೂ ಬೇಕು. ಆಮೇಲೆ ಸಣ್ಣ ಟಿಪ್ಪಣಿ, ಪೂರ್ತಿ ಪ್ರಸ್ತಾವ, ತಜ್ಞರ ಸಮಿತಿ, ಮಂಡಳಿ. ಮಂಡಳಿ ಒಪ್ಪಿದ ಮೇಲೂ ಕಾನೂನು ಒಪ್ಪಂದ, ಷರತ್ತು. ದುಡ್ಡಿನ ಮೊದಲ ಕಂತು ಬರುವಷ್ಟರಲ್ಲಿ ಯೋಜನೆ ಬರೆದ ಅಧಿಕಾರಿಗೆ ವರ್ಗಾವಣೆ ಆಗಿದ್ದರೂ ಆಶ್ಚರ್ಯವಿಲ್ಲ.

ಜಾಸ್ತಿ ಅರ್ಜಿಗಳು ಎಡವುವುದು ಮಾತ್ರ ಒಂದೇ ಪ್ರಶ್ನೆಯ ಮುಂದೆ: ಇದು ಹವಾಮಾನದ ಸಮಸ್ಯೆಯೋ, ಬಡತನದ ಸಮಸ್ಯೆಯೋ? ಊರಿಗೆ ಕುಡಿಯುವ ನೀರಿಲ್ಲ ಅಂದರೆ ಸಾಲದು. ಮಳೆ ಹೇಗೆ ಬದಲಾಗಿದೆ, ಮುಂದೆ ಹೇಗೆ ಬದಲಾಗಲಿದೆ, ಈ ಯೋಜನೆ ಅದನ್ನೇ ಹೇಗೆ ಎದುರಿಸುತ್ತದೆ ಅಂತ ತೋರಿಸಬೇಕು. ಅದಕ್ಕೆ ದಶಕಗಳ ಮಳೆ, ತಾಪಮಾನದ ದಾಖಲೆ ಬೇಕು. ಮಳೆಮಾಪಕಗಳೇ ಸರಿಯಾಗಿಲ್ಲದ ದೇಶ ಎಲ್ಲಿಂದ ತರಬೇಕು? ಹವಾಮಾನ ಕೇಂದ್ರ ಕಟ್ಟಲು ದುಡ್ಡು ಕೇಳಬೇಕಾದರೆ ಹವಾಮಾನ ಕೇಂದ್ರದ ಅಂಕಿಗಳು ಬೇಕು! ಇಲ್ಲಿ ನೆರವಾಗುವುದು ಜನರ ಗಮನಕ್ಕೆ ಅಷ್ಟಾಗಿ ಬಾರದ ಸಣ್ಣ ಅನುದಾನಗಳು. ಇದೇ ನಿಧಿಯಲ್ಲಿ ಪೂರ್ವತಯಾರಿಗೆ, ರಾಷ್ಟ್ರೀಯ ಹೊಂದಾಣಿಕೆ ಯೋಜನೆ ಬರೆಯುವುದಕ್ಕೆ, ಪ್ರಸ್ತಾವ ಸಿದ್ಧಪಡಿಸುವುದಕ್ಕೆ ಅಂತ ಬೇರೆ ಬೇರೆ ದುಡ್ಡಿದೆ. ಸಣ್ಣ ಯೋಜನೆಗಳಿಗೆ ಸರಳ ದಾರಿಯೂ ಇದೆ, 25 ಮಿಲಿಯನ್ ಡಾಲರ್‌ವರೆಗೆ. ದೊಡ್ಡ ಅರ್ಜಿಗೆ ಆತುರಪಡುವ ಮೊದಲು ಇವನ್ನು ಬಳಸಿಕೊಳ್ಳುವುದೇ ಲೇಸು.

ನಮೀಬಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಪರಿಸರ ಹೂಡಿಕೆ ನಿಧಿ 2015ರಲ್ಲಿ ಗ್ರೀನ್ ಕ್ಲೈಮೇಟ್ ಫಂಡ್‌ನ ಮಾನ್ಯತೆ ಪಡೆದು, ಮರುವರ್ಷ 10 ಮಿಲಿಯನ್ ಡಾಲರ್‌ಗೆ ಒಪ್ಪಿಗೆ ತಂದಿತು. ಆ ದುಡ್ಡು ಹೋದದ್ದು ಕಾಡು, ಹುಲ್ಲುಗಾವಲು ನೋಡಿಕೊಳ್ಳುವ ಸ್ಥಳೀಯ ಸಂಘಗಳಿಗೆ. ಯಾವ ಕೆಲಸ ಮಾಡಬೇಕು ಅನ್ನುವ ಪ್ರಸ್ತಾವ ಅವರದ್ದೇ, ಆಯ್ಕೆ ನಡೆದದ್ದು ದೇಶದೊಳಗೇ. ಪ್ರತಿ ಸಣ್ಣ ಕೆಲಸಕ್ಕೂ ಸಾಂಗ್ಡೊ ಕಡೆ ನೋಡುತ್ತಾ ಕೂರಬೇಕಾಗಿರಲಿಲ್ಲ.

ಇನ್ನು ಮೊತ್ತದ ವಿಷಯ. 100 ಬಿಲಿಯನ್ ಗುರಿ ಮುಟ್ಟಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ. ಆ ವರ್ಷದ ಒಟ್ಟು 115.9 ಬಿಲಿಯನ್‌ನಲ್ಲಿ ಹೊಂದಾಣಿಕೆಗೆ ಹೋದದ್ದು 32.4 ಬಿಲಿಯನ್ ಮಾತ್ರ. ಕಾರಣ ಸರಳ: ಸೋಲಾರ್ ಘಟಕ ವಿದ್ಯುತ್ ಮಾರಿ ಸಾಲ ತೀರಿಸುತ್ತದೆ, ತಡೆಗೋಡೆ ಏನನ್ನು ಮಾರಬೇಕು? ಮೇಲಾಗಿ ಒಟ್ಟು ಸರ್ಕಾರಿ ಹವಾಮಾನ ನೆರವಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಸಾಲವೇ. ತಾನು ಮಾಡದ ತಪ್ಪಿಗೆ ಸಾಲ ತೆಗೆದು ಗೋಡೆ ಕಟ್ಟಿ ಅನ್ನುವುದು ಯಾವ ನ್ಯಾಯ ಅಂತ ಬಡ ದೇಶಗಳು ಕೇಳುತ್ತಲೇ ಇವೆ.

2024ರ ಬಾಕು ಸಮ್ಮೇಳನ 2035ಕ್ಕೆ ವರ್ಷಕ್ಕೆ 300 ಬಿಲಿಯನ್ ಅಂದಿತು. 2025ರ ಬೆಲೆಮ್ ಸಮ್ಮೇಳನ ಹೊಂದಾಣಿಕೆಯ ದುಡ್ಡನ್ನು 2035ರ ಹೊತ್ತಿಗೆ ಮೂರು ಪಟ್ಟು ಮಾಡಲು ಕರೆ ಕೊಟ್ಟಿತು. ಇನ್ನೊಂದು ಕಡೆ, ಹವಾಮಾನದ ಹೊಡೆತದಿಂದ ಆದ ನಷ್ಟಕ್ಕೆ ನೆರವಾಗಲು 2022ರಲ್ಲಿ ಒಪ್ಪಿಗೆಯಾದ ನಿಧಿ ತನ್ನ ಮೊದಲ 250 ಮಿಲಿಯನ್ ಡಾಲರ್‌ಗೆ ಬೆಲೆಮ್‌ನಲ್ಲೇ ಅರ್ಜಿ ಕರೆಯಿತು. ಎಲ್ಲ ಅನುದಾನ, ಸಾಲ ಅಲ್ಲ. ದುಡ್ಡನ್ನು ನೇರವಾಗಿ ಸರ್ಕಾರದ ಬಜೆಟ್‌ಗೇ ಕೊಡುವ ದಾರಿಯನ್ನೂ ಅದರಲ್ಲಿ ಇಟ್ಟಿದ್ದಾರೆ.