ತಂತಿಯ ಹೆಜ್ಜಾರ್ಲೆಯನ್ನು ತೂಗುಹಾಕುವ ಲೆಕ್ಕ

ಮೈಸೂರಿನ ಯಾವುದಾದರೂ ಗ್ರಂಥಾಲಯದ ಎತ್ತರದ ಹಾಲ್‌ನಲ್ಲಿ, ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಯನ್ನು ತಂತಿಯಲ್ಲೇ ಹೆಣೆದು ತೂಗುಹಾಕಬೇಕೆಂದರೆ, ತಂತಿ ಭಾರ ತಡೆದೀತೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಅದು ಸುಲಭದ ಪ್ರಶ್ನೆ. 2 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿ ಮೀಟರಿಗೆ ಸುಮಾರು 25 ಗ್ರಾಂ ತೂಗುತ್ತದೆ. ಅದು ತುಂಡಾಗಲು ಸುಮಾರು 100 ಕಿಲೋಗ್ರಾಂ ಭಾರ ಬೇಕು. ಕಷ್ಟವೆಲ್ಲ ಇರುವುದು ಆಕಾರವನ್ನು ಉಳಿಸಿಕೊಳ್ಳುವುದರಲ್ಲಿ.

ಒಂದೇ ತುದಿಯಲ್ಲಿ ಆಧಾರವಿರುವ ರೆಕ್ಕೆ ತನ್ನ ತೂಕಕ್ಕೇ ಜೋಲುತ್ತದೆ. ಅದರ ಉದ್ದ ಎರಡು ಪಟ್ಟಾದರೆ ಜೋಲು 16 ಪಟ್ಟಾಗುತ್ತದೆ. ತಂತಿಯ ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗಿ 16 ಪಟ್ಟು ಹೆಚ್ಚಿದರೂ, ತೂಕವೂ 4 ಪಟ್ಟಾಗುವುದರಿಂದ, ಜೋಲು ಇಳಿಯುವುದು ಕಾಲುಭಾಗಕ್ಕಷ್ಟೇ. ನೋಡಲಂತೂ ಹಕ್ಕಿ ಕಿಟಕಿಯ ಸರಳಿನಂತಾಗುತ್ತದೆ. ಎರಡು ತೆಳು ತಂತಿಗಳನ್ನು ಬೆರಳಗಲ ದೂರವಿಟ್ಟು, ನಡುವೆ ಮೂರನೆಯದನ್ನು ಅಂಕುಡೊಂಕಾಗಿ ಬೆಸೆಯುವುದು ಇದಕ್ಕಿಂತ ಜಾಣ ದಾರಿ. ಆಗ ಮೇಲಿನ ತಂತಿ ಎಳೆತವನ್ನೂ ಕೆಳಗಿನದು ಒತ್ತಡವನ್ನೂ ಹೊರುತ್ತದೆ. ದೊಡ್ಡ ಹಕ್ಕಿಗಳ ಟೊಳ್ಳು ಮೂಳೆಗಳೊಳಗೂ ಇಂಥ ಅಡ್ಡಕಡ್ಡಿಗಳಿರುತ್ತವೆ ಎಂಬುದು ಈ ಶಿಲ್ಪಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಇಕ್ಕಳ ಹಿಡಿದು ಒಂದೇ ಜಾಗದಲ್ಲಿ ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ, ಲೋಹದ ಹರಳುಗಳೊಳಗಿನ ದೋಷಗಳು ಒಂದಕ್ಕೊಂದು ತೊಡರಿಕೊಂಡು ಅಲ್ಲಿ ಅದು ಗಡಸಾಗಿ ಕೊನೆಗೆ ಮುರಿಯುತ್ತದೆ. ತಾಮ್ರವಾದರೆ ಮಬ್ಬುಗೆಂಪಾಗುವಂತೆ ಕಾಯಿಸಿ ಮತ್ತೆ ಮೆದುಗೊಳಿಸಬಹುದು. ಆದರೂ ಹಳೆಯ ತಿರುವನ್ನು ತಿದ್ದುತ್ತ ಕೂರುವುದಕ್ಕಿಂತ ಹೊಸ ತುಂಡು ಕತ್ತರಿಸಿಕೊಳ್ಳುವುದೇ ಮೇಲು.

ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ 1919ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದು ಆಮೇಲೆ ಶಿಲ್ಪಿಯಾದವರು. ಅವರ ತೂಗುಶಿಲ್ಪಗಳಲ್ಲಿ ಒಂದೊಂದು ಅಡ್ಡತಂತಿಯೂ ಒಂದು ಸನ್ನೆಗೋಲು: ಭಾರದ ತುದಿ ಆಧಾರಕ್ಕೆ ಹತ್ತಿರ, ಹಗುರದ ತುದಿ ದೂರ. ನಮ್ಮ ಹಕ್ಕಿಯೂ ಒಂದೇ ಎಳೆಯಲ್ಲಿ ತೂಗುವುದಾದರೆ ಅದರ ಗುರುತ್ವಕೇಂದ್ರ ಕೊಕ್ಕೆಯ ನೇರ ಕೆಳಗೇ ಬಂದು ನಿಲ್ಲುತ್ತದೆ. ಉದ್ದ ಕೊಕ್ಕಿನ ಹೆಜ್ಜಾರ್ಲೆ ಮುಗ್ಗರಿಸಿದಂತೆ ಕಾಣಬಾರದೆಂದರೆ ಆ ಬಿಂದುವನ್ನು ಮೊದಲೇ ಕಂಡುಕೊಳ್ಳಬೇಕು. ಫ್ಯಾನಿನ ಗಾಳಿಗೆ ಸುತ್ತದಿರಲೆಂದು ಎರಡು ಎಳೆ ಕಟ್ಟುವವರು ಕೋನವನ್ನು ಗಮನಿಸಲೇಬೇಕು. ಹಕ್ಕಿ 10 ಕಿಲೋಗ್ರಾಂ ಇದ್ದರೆ, ನೇರ ಇಳಿದ ಎರಡು ಎಳೆಗಳು ತಲಾ 5 ಕಿಲೋಗ್ರಾಂ ಹೊರುತ್ತವೆ. ಲಂಬರೇಖೆಯಿಂದ 60 ಡಿಗ್ರಿ ಓರೆಯಾದರೆ ಪ್ರತಿಯೊಂದರ ಎಳೆತವೂ ಪೂರ್ತಿ 10 ಕಿಲೋಗ್ರಾಮಿನಷ್ಟಾಗುತ್ತದೆ.

ಕೊಕ್ಕೆಯನ್ನು ಫಾಲ್ಸ್ ಸೀಲಿಂಗಿಗಲ್ಲ, ಕಾಂಕ್ರೀಟ್ ಸ್ಲ್ಯಾಬಿಗೇ ಆಂಕರ್ ಬೋಲ್ಟಿನಿಂದ ಬಿಗಿಯಬೇಕು. ಉಕ್ಕಿಗೆ ತಾಮ್ರ ತಾಗುವ ಕಡೆ ಮಳೆಗಾಲದ ತೇವ ಕೂತರೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ, ಏಣಿ ಹತ್ತಿದವರು ಮೊದಲು ನೋಡಬೇಕಾದದ್ದು ಅಂಥ ಬೆಸುಗೆಗಳನ್ನೇ.