ಮನೆ ಬದಲಿಸುವಾಗ ದುಡ್ಡು ಸೋರುವುದು ಎಲ್ಲಿ?

ಮನೆ ಶಿಫ್ಟ್ ಮಾಡುವವರು ಮೊದಲು ಚೌಕಾಸಿಗೆ ಇಳಿಯುವುದು ಗಾಡಿ ಬಾಡಿಗೆಗೆ. ಅಲ್ಲಿ ಮುನ್ನೂರೋ ನಾನೂರೋ ಉಳಿಸಿ, ತಾರೀಖಿನಲ್ಲೂ ಅಡ್ವಾನ್ಸಿನಲ್ಲೂ ಅದರ ಹತ್ತರಷ್ಟು ಕಳೆದುಕೊಳ್ಳುತ್ತಾರೆ. ಹಾಗಾಗಿ ತಾರೀಖಿನಿಂದಲೇ ಶುರು ಮಾಡೋಣ.

ಆಷಾಢದಲ್ಲಿ ಮೈಸೂರು, ಮಂಡ್ಯ ಕಡೆ ಮನೆ ಬದಲಿಸುವವರು ಕಡಿಮೆ. ಖಾಲಿ ಬಿದ್ದ ಮನೆಯ ಮಾಲೀಕರು ಬಾಡಿಗೆ, ಅಡ್ವಾನ್ಸ್ ಎರಡರಲ್ಲೂ ಮಾತಿಗೆ ಬಗ್ಗುತ್ತಾರೆ, ಗಾಡಿಯವರೂ ಬಿಡುವಾಗಿರುತ್ತಾರೆ. ಶ್ರಾವಣ ಹುಟ್ಟಿತೋ, ಎಲ್ಲ ತಿರುವುಮುರುವು. ಆಷಾಢ ಬೇಡ ಎಂದು ಮನೆಯ ಹಿರಿಯರು ಹೇಳಿದರೆ ಅದಕ್ಕೂ ದಾರಿಯಿದೆ: ಜ್ಯೇಷ್ಠದಲ್ಲೇ ಒಳ್ಳೆಯ ದಿನ ನೋಡಿ ಹಾಲುಕ್ಕಿಸಿ ಬನ್ನಿ, ಸಾಮಾನು ಆಮೇಲೆ ವಾರದ ನಡುವಿನ ಯಾವುದಾದರೂ ದಿನ ಹೋಗಲಿ. ಬಾಡಿಗೆ ಲೆಕ್ಕ ಸಾಮಾನು ಇಳಿದ ದಿನದಿಂದ ಎಂದು ಮೊದಲೇ ಒಪ್ಪಿಸಿಕೊಳ್ಳಿ, ಇಲ್ಲದಿದ್ದರೆ ಉಳಿಸಿದ್ದು ಅಲ್ಲೇ ಹೋಗುತ್ತದೆ. ದಸರೆಯ ವಾರವನ್ನಂತೂ ಬಿಟ್ಟುಬಿಡಿ. ಅರಮನೆ ಸುತ್ತಮುತ್ತ ಸಂಚಾರ ಬದಲಾಗಿ, ಅಗ್ರಹಾರದಿಂದ ವಿಜಯನಗರಕ್ಕೆ ಹೋಗಬೇಕಾದ ಗಾಡಿ ಊರೆಲ್ಲ ಸುತ್ತಿ ಕಾಯುವ ಚಾರ್ಜ್ ಕೇಳುತ್ತದೆ.

ಹಳೆಯ ಮನೆ ಬಿಡುವಾಗ ದೊಡ್ಡ ಮೊತ್ತ ಹೋಗುವುದು ಸುಣ್ಣಬಣ್ಣದ ಹೆಸರಿನಲ್ಲಿ. ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ರೂಢಿ ಬಹಳ ಕಡೆ ಇದೆ. ಹೊಸ ಮನೆಯ ಕರಾರು ಬರೆಯುವಾಗಲೇ ಎಷ್ಟು ಮುರಿಯುತ್ತಾರೆ, ಎರಡು ವರ್ಷ ಇದ್ದರೂ ಐದು ವರ್ಷ ಇದ್ದರೂ ಅಷ್ಟೇನಾ, ಅಡ್ವಾನ್ಸ್ ಕೀಲಿ ಕೊಟ್ಟ ದಿನವೇ ವಾಪಸ್ಸಾ ಎಂದು ಕೇಳಿ ಬರೆಸಿ. ಒಳಗೆ ಹೋಗುವ ದಿನ ಗೋಡೆ, ನಲ್ಲಿ, ಬಾಗಿಲು, ಕಿಟಕಿ ಗಾಜುಗಳ ವೀಡಿಯೊ ತೆಗೆದು ಮಾಲೀಕರಿಗೇ ವಾಟ್ಸಾಪ್ ಮಾಡಿಬಿಡಿ. ಬಿಡುವ ದಿನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇನ್ನು ಗಾಡಿ. ಟಾಟಾ ಏಸ್‌ನ ಹಿಂಬದಿ ಉದ್ದ ಸುಮಾರು ಏಳು ಅಡಿ, ಅಗಲ ಐದಡಿಗೂ ಕಡಿಮೆ. ಕಬ್ಬಿಣದ ಬೀರು, ಫ್ರಿಜ್, ವಾಷಿಂಗ್ ಮಷಿನ್ ಇಟ್ಟರೆ ಅರ್ಧ ತುಂಬಿತು. ಒಂದು ಬೆಡ್‌ರೂಮ್ ಮನೆಗೆ ಎರಡು ಟ್ರಿಪ್ ಎಂದು ಲೆಕ್ಕ ಹಾಕಿ. ಕುವೆಂಪುನಗರದಿಂದ ಬೋಗಾದಿಯಂಥ ಹತ್ತಿರದ ದಾರಿಗೆ ಏಸ್ ಎರಡು ಸಲ ಓಡಿದರೂ ಸಾಮಾನ್ಯವಾಗಿ ದೊಡ್ಡ ಗಾಡಿಗಿಂತ ಅಗ್ಗ. ಮಂಡ್ಯದಿಂದ ಮೈಸೂರಿಗಾದರೆ ಸುಮಾರು 45 ಕಿ.ಮೀ., ಖಾಲಿ ವಾಪಸ್ ಹೋಗುವ ಕಿಲೋಮೀಟರನ್ನೂ ಗಾಡಿಯವರು ನಿಮ್ಮ ಲೆಕ್ಕಕ್ಕೇ ಸೇರಿಸುತ್ತಾರೆ. ಅಲ್ಲಿ ಒಂದೇ ಸಲಕ್ಕೆ ಟಾಟಾ 407 ಅಥವಾ ಕ್ಯಾಂಟರಿನಂಥ ದೊಡ್ಡ ಗಾಡಿ ಲೇಸು. ಮೈಸೂರಿನಿಂದ ಮಂಡ್ಯಕ್ಕೆ ಹೋಗುವವರು ಬಂಡೀಪಾಳ್ಯದ ಎಪಿಎಂಸಿ ಯಾರ್ಡಿನಲ್ಲಿ ಮಾಲು ಇಳಿಸಿ ಆ ಕಡೆಗೆ ಮರಳುವ ಗಾಡಿ ಇದೆಯಾ ಎಂದು ವಿಚಾರಿಸಬಹುದು. ರಿಟರ್ನ್ ಗಾಡಿ ಸಿಕ್ಕರೆ ಬಾಡಿಗೆ ಚೆನ್ನಾಗಿ ಇಳಿಯುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಹೋದರೆ ಗಣಂಗೂರಿನ ಟೋಲ್ ಯಾರದ್ದು ಎಂದು ಮೊದಲೇ ಕೇಳಿ. ಮೂರು ಚಕ್ರದ ಲಗೇಜ್ ಆಟೋಗೆ 2023ರ ಆಗಸ್ಟ್‌ನಿಂದ ಆ ರಸ್ತೆಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಸರ್ವಿಸ್ ರೋಡೇ ಗತಿ.

ಎತ್ತಿ ಇಳಿಸುವ ಹುಡುಗರ ಕೂಲಿಯಲ್ಲಿ ಹೆಚ್ಚು ಎಳೆದಾಡಬೇಡಿ. ಇನ್ನೂರು ರೂಪಾಯಿ ಕಡಿಮೆ ಮಾಡಿಸಿ ಬೀರುವಿನ ಕನ್ನಡಿ ಒಡೆಸಿಕೊಳ್ಳುವುದು ಲಾಭವಲ್ಲ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಗಾಡಿ ಮನೆ ಬಾಗಿಲವರೆಗೆ ಬರುತ್ತದಾ ಎಂಬುದನ್ನು ಮಾತ್ರ ಸತ್ಯವಾಗಿ ಹೇಳಿ. ಜಗಳ ಹುಟ್ಟುವುದೇ ಅಲ್ಲಿ.

ರಟ್ಟಿನ ಪೆಟ್ಟಿಗೆಗಳನ್ನು ಹೊಸದಾಗಿ ಕೊಳ್ಳಬೇಕಿಲ್ಲ. ಸಂತೆಪೇಟೆಯ ಸಗಟು ಅಂಗಡಿಗಳಲ್ಲೋ ಮೆಡಿಕಲ್ ಸ್ಟೋರಿನಲ್ಲೋ ಕೇಳಿದರೆ ಪುಡಿಗಾಸಿಗೆ ಸಿಗುತ್ತವೆ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, ಒಂದಕ್ಕೆ 12–15 ಕೆ.ಜಿ. ಮೀರದಿರಲಿ, ಮೀರಿದರೆ ತಳ ಕಳಚುತ್ತದೆ. ಸ್ಟೀಲ್ ಪಾತ್ರೆಗೆ ಗೋಣಿಚೀಲವೇ ಸಾಕು. ಗಾಜಿನ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ, ನಡುವೆ ಹಳೆ ಪಂಚೆ, ಟವೆಲ್ ಕೊಟ್ಟು ನಿಲ್ಲಿಸಿ ಜೋಡಿಸಿ. ಕೊನೆಯ ತಿಂಗಳು ದಿನಸಿ ತುಂಬಬೇಡಿ, ಡಬ್ಬದ ತಳದಲ್ಲಿರುವ ರಾಗಿಹಿಟ್ಟು, ಬೇಳೆ ಖಾಲಿಯಾಗಲಿ.

ಯಂತ್ರಗಳ ರಿಪೇರಿ ಬಿಲ್ ಗಾಡಿ ಬಾಡಿಗೆಯನ್ನೇ ಮೀರಿಸಬಹುದು. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆಫ್ ಮಾಡಿ ನೀರು ಒರೆಸಿ, ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗಳಿಗೆ ಹರಿಯುತ್ತದೆ. ಮಲಗಿಸಲೇಬೇಕಾಗಿ ಬಂದಿದ್ದರೆ, ಹೊಸ ಮನೆಯಲ್ಲಿ ಕೆಲವು ಗಂಟೆ ಸುಮ್ಮನೆ ನಿಲ್ಲಿಸಿದ ಮೇಲಷ್ಟೇ ಸ್ವಿಚ್ ಹಾಕಿ. ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಕೊಂಡಾಗ ಹಿಂಬದಿಯಿಂದ ಬಿಚ್ಚಿದ ಉದ್ದನೆಯ ಬೋಲ್ಟುಗಳನ್ನು ಹುಡುಕಿ ಮತ್ತೆ ಹಾಕಿಸಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಡ್ರಮ್ ಬಡಿದು ಸಸ್ಪೆನ್ಷನ್ ಹಾಳಾಗುತ್ತದೆ. ಎಸಿ ಬಿಚ್ಚುವ ಹುಡುಗ ಮೊದಲು ಅದನ್ನು ಓಡಿಸಿ, ಸಣ್ಣ ಪೈಪಿನ ವಾಲ್ವ್ ಮುಚ್ಚಿ, ಗ್ಯಾಸನ್ನೆಲ್ಲ ಹೊರಗಿನ ಯೂನಿಟ್ಟಿಗೆ ಎಳೆದುಕೊಂಡ ಮೇಲೆ ದಪ್ಪ ಪೈಪಿನ ವಾಲ್ವ್ ಮುಚ್ಚಬೇಕು. ನೇರವಾಗಿ ನಟ್ ಬಿಚ್ಚಲು ಹೊರಟರೆ ತಡೆಯಿರಿ, ಗ್ಯಾಸ್ ತುಂಬಿಸುವ ಖರ್ಚು ನಿಮ್ಮ ತಲೆಗೇ.

ಅಡುಗೆ ಗ್ಯಾಸ್ ವಿಚಾರದಲ್ಲಿ ಊರೊಳಗಿನ ಬದಲಾವಣೆಗೂ ಊರು ಬಿಡುವುದಕ್ಕೂ ವ್ಯತ್ಯಾಸವಿದೆ. ಮೈಸೂರಿನೊಳಗೇ ಏಜೆನ್ಸಿ ಬದಲಾದರೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಬೇಕಿಲ್ಲ. ಮಂಡ್ಯಕ್ಕೆ ಹೋದರೆ ಎರಡನ್ನೂ ಒಪ್ಪಿಸಿ, ಹಳೆಯ ಡಿಪಾಸಿಟ್ ವಾಪಸ್ ಪಡೆದು, ಅಲ್ಲಿ ಈಗಿನ ದರದಲ್ಲಿ ಕಟ್ಟಬೇಕು. 2022ರ ಜೂನ್‌ನಲ್ಲಿ 14.2 ಕೆ.ಜಿ. ಸಿಲಿಂಡರಿನ ಡಿಪಾಸಿಟ್ 1,450ರಿಂದ 2,200 ರೂಪಾಯಿಗೆ ಏರಿತು. ಹಳೆಯ ಸಂಪರ್ಕದವರು ಈ ವ್ಯತ್ಯಾಸವನ್ನು ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.

ಕರೆಂಟ್ ಬಿಲ್ಲಿನದು ಜನ ಮರೆಯುವ ಕೆಲಸ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ನಿಮ್ಮ ಆಧಾರ್ ಜೊತೆಗೆ ಹಳೆಯ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಕರೆಂಟ್ ಸಂಪರ್ಕದ ನಂಬರಿಗೆ, ಅಂಟಿಕೊಂಡಿರುತ್ತದೆ. ಸೇವಾಸಿಂಧು ಪೋರ್ಟಲಿನಲ್ಲಿ ಅದನ್ನು ಡಿ-ಲಿಂಕ್ ಮಾಡಿ, ಬಾಡಿಗೆ ಕರಾರು ಹಿಡಿದು ಹೊಸ ನಂಬರಿಗೆ ಅರ್ಜಿ ಹಾಕಿ. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಡಿಸದೆ ಹೋಗಿದ್ದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲಬಹುದು, ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆಯೇ ಮಾಲೀಕರಿಂದ ಇದನ್ನು ಮುಗಿಸಿಸಿ. ಹೊಸದಾಗಿ ಕಟ್ಟಿದ, ವರ್ಷದ ಬಳಕೆಯ ಲೆಕ್ಕವಿಲ್ಲದ ಮನೆಗೆ ಉಚಿತವಾಗಿ ಸಿಗುವುದು ತಿಂಗಳಿಗೆ 58 ಯೂನಿಟ್ ಮಾತ್ರ ಎಂಬುದೂ ಗೊತ್ತಿರಲಿ. ಸೆಸ್ಕ್‌ನ ಕರೆಂಟ್ ಬಿಲ್ ಬಾಕಿ, ಮೈಸೂರಿನ ವಾಣಿವಿಲಾಸ ನೀರು ಸರಬರಾಜಿನ ಬಿಲ್ ಬಾಕಿ ಎರಡರ ರಸೀದಿ ನೋಡಿ, ಕೀಲಿ ಕೈಗೆ ಬಂದ ದಿನವೇ ಎರಡೂ ಮೀಟರುಗಳ ಫೋಟೊ ತೆಗೆದಿಟ್ಟುಕೊಳ್ಳಿ.